ಅಕ್ಕಪಕ್ಕದ ಬೆಕ್ಕುಗಳು ಕೈತೋಟದ ಮಡಿಗಳಲ್ಲೇ ಗಲೀಜು ಮಾಡುತ್ತಿವೆ, ತಡೆಯುವುದು ಹೇಗೆ?

ಸೊಪ್ಪಿನ ಮಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ ಸಣ್ಣದೊಂದು ಕೈತೋಟ ಇದೆ. ಸೊಪ್ಪಿಗೆ ಒಂದೆರಡು ಮಡಿ, ಕ್ಯಾರೆಟ್ ಮೂಲಂಗಿಗೆ ಇನ್ನೊಂದು, ಗೋಡೆ ಪಕ್ಕ ಸಾಲಾಗಿ ಕುಂಡಗಳು. ಮಣ್ಣು ಹದ ಮಾಡಿ, ಗೊಬ್ಬರ ಬೆರೆಸಿ, ಬೀಜ ಹಾಕಿ ಒಳಗೆ ಬಂದರೆ ಸಾಕು, ಬೆಳಗ್ಗೆ ಹೋಗಿ ನೋಡುವಷ್ಟರಲ್ಲಿ ಬೆಕ್ಕುಗಳು ಮಡಿಯನ್ನೆಲ್ಲ ಕೆದರಿ, ಗಲೀಜು ಮಾಡಿ, ಅರೆಬರೆ ಮುಚ್ಚಿ ಹೋಗಿರುತ್ತವೆ. ಮೊಳಕೆ ಬಂದದ್ದೂ ಹೋಯಿತು, ಬರಬೇಕಾದದ್ದೂ ಹೋಯಿತು. ಕಳೆ ಕೀಳಲು ಕೈ ಹಾಕಿದರೆ ಮೊದಲು ಸಿಗುವುದು ಅದೇ.

ಬೆಕ್ಕುಗಳ ಮೇಲೆ ನನಗೆ ದ್ವೇಷ ಇಲ್ಲ. ಒಂದೆರಡು ಪಕ್ಕದ ಮನೆಯವರು ಸಾಕಿದವು, ಉಳಿದವು ಯಾರದ್ದೂ ಅಲ್ಲ, ಬೀದಿಯವು. ಅವಕ್ಕೆ ಏಟಾಗಬಾರದು, ಹೊಟ್ಟೆಗೆ ಏನಾದರೂ ಹೋಗಿ ಸಾಯಲೂಬಾರದು. ಆದರೆ ನಾವು ಇಷ್ಟು ಆಸೆಯಿಂದ ಬೆಳೆಸುವ ಸೊಪ್ಪನ್ನು ತಿನ್ನಲೇ ಭಯ ಅನ್ನುವ ಹಾಗಾದರೆ ತೋಟ ಯಾಕೆ ಮಾಡಬೇಕು ಹೇಳಿ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಬ್ಬರು ಫಿನಾಯಿಲ್ ಸುರಿ ಅಂತಾರೆ, ಇನ್ನೊಬ್ಬರು ನುಸಿಗುಳಿಗೆ ಇಡು ಅಂತಾರೆ, ಮತ್ತೊಬ್ಬರು ಖಾರದ ಪುಡಿ ಎರಚು ಅಂತಾರೆ. ಇವುಗಳಲ್ಲಿ ಯಾವುದಕ್ಕೂ ನನಗೆ ಮನಸ್ಸಿಲ್ಲ. ನಿಜವಾಗಿ ಕೆಲಸ ಮಾಡುವಂಥದ್ದು ಏನಾದರೂ ಇದ್ದರೆ ಹೇಳಿ. ಓಡಿಸಿದರೆ ಓಡುತ್ತವೆ, ನಾವು ಮಲಗಿದ ಮೇಲೆ ಮತ್ತೆ ಬರುತ್ತವೆ.

---

ಮಣ್ಣಿನ ನಂಟು ಉತ್ತರ:

ಬೆಕ್ಕಿಗೆ ನಿಮ್ಮ ಮಡಿಯೇ ಯಾಕೆ ಬೇಕು ಅನ್ನುವುದನ್ನು ಮೊದಲು ನೋಡಿ. ಅರ್ಧ ಉತ್ತರ ಅಲ್ಲೇ ಇದೆ. ಸಾಕುಬೆಕ್ಕಿನ ಮೂಲ ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ಸೀಮೆಯ ಕಾಡುಬೆಕ್ಕು. ಮನುಷ್ಯರ ಜೊತೆ ಸೇರಿ ಸುಮಾರು 10,000 ವರ್ಷ ಆಗಿದ್ದರೂ ಅಭ್ಯಾಸ ಬಿಟ್ಟಿಲ್ಲ. ಅದಕ್ಕೆ ಬೇಕಾದದ್ದು ಒಣಗಿದ, ಸಡಿಲವಾದ, ಪುಡಿಪುಡಿ ಮಣ್ಣು. ಕಾಲಲ್ಲಿ ಕೆದರಿ ಗುಂಡಿ ಮಾಡಲು ಆಗಬೇಕು, ಕೂತು ತಿರುಗಲು ಜಾಗ ಇರಬೇಕು, ಮತ್ತೆ ಮಣ್ಣು ಎಳೆದು ಮುಚ್ಚಲು ಆಗಬೇಕು. ಬೀಜಕ್ಕೆ ಅಂತ ನಾವು ಹದ ಮಾಡುವ ಮಣ್ಣೂ ಇಂಥದ್ದೇ ಅಲ್ವಾ? ಹಾಗಾಗಿ ಬೆಕ್ಕನ್ನು ಹೆದರಿಸುವ ಯೋಚನೆ ಬಿಡಿ. ಆ ಮಣ್ಣು ಅದರ ಕಾಲಿಗೆ ಸಿಗದ ಹಾಗೆ ಮಾಡಿ.

ಎಲ್ಲಕ್ಕಿಂತ ಗಟ್ಟಿ ಉಪಾಯ ತಂತಿ ಜಾಲರಿ. ಕೋಳಿಗೂಡಿಗೆ ಹಾಕುತ್ತಾರಲ್ಲ, ಸುಮಾರು 2.5 ಸೆಂಟಿಮೀಟರ್ ಕಣ್ಣಿನದು, ಅದೇ ಆಗುತ್ತದೆ. ಬೀಜ ಹಾಕಿದ ಕೂಡಲೇ ಮಡಿಯ ಮೇಲೆ ಚಪ್ಪಟೆಯಾಗಿ ಹಾಸಿ. ಕತ್ತರಿಸಿದ ತುದಿಗಳು ಚೂಪಾಗಿರುತ್ತವೆ, ಅವನ್ನು ಕೆಳಗೆ ಮಡಚಿ ಮಣ್ಣಿನಲ್ಲಿ ಹೂತುಬಿಡಿ, ಇಲ್ಲದಿದ್ದರೆ ಬೆಕ್ಕಿನ ಕಾಲಿಗೂ ಗಾಯ, ನಿಮ್ಮ ಕೈಗೂ ಗಾಯ. ಗಟ್ಟಿ ತಂತಿಯನ್ನು ಬಗ್ಗಿಸಿ ಕೊಂಡಿ ಮಾಡಿ ಅಲ್ಲಲ್ಲಿ ಚುಚ್ಚಿದರೆ ಜಾಲರಿ ಏಳುವುದಿಲ್ಲ. ಮೊಳಕೆ ಕಣ್ಣುಗಳ ನಡುವಿನಿಂದ ತಾನಾಗಿ ಮೇಲೆ ಬರುತ್ತದೆ. ಬೆಕ್ಕು ಒಮ್ಮೆ ಬಂದು ಕೆದರಲು ನೋಡುತ್ತದೆ, ಉಗುರು ತಂತಿಗೆ ತಾಗುತ್ತದೆ, ಮಣ್ಣು ಏಳುವುದಿಲ್ಲ, ಹೋಗುತ್ತದೆ. ಅಷ್ಟೇ.

ಜಾಲರಿ ಇಲ್ಲದಿದ್ದರೆ ಕಡ್ಡಿ. 15ರಿಂದ 20 ಸೆಂಟಿಮೀಟರ್‌ಗೆ ಒಂದರಂತೆ ಮಡಿ ತುಂಬ ನೆಟ್ಟಗೆ ಚುಚ್ಚಿ. ಬೆಕ್ಕಿಗೆ ಕೂತು ತಿರುಗಲು ಆಗಬಾರದು, ಅದೇ ಲೆಕ್ಕ. ತುದಿ ಮೊಂಡಾಗಿರಲಿ, ಬಗ್ಗಿ ಕೆಲಸ ಮಾಡುವಾಗ ಕಣ್ಣಿಗೆ ಚುಚ್ಚಬಾರದು. ಮುಳ್ಳಿನ ಗಿಡ ಸವರಿದಾಗ ಸಿಗುವ ರೆಂಬೆಗಳನ್ನು ಕಡ್ಡಿಗಳ ನಡುವೆ ಹಾಸಿದರೂ ಆಗುತ್ತದೆ. ಕುಂಡಗಳಿಗೆ ಇಷ್ಟೆಲ್ಲ ಬೇಡ, ಮಣ್ಣಿನ ಮೇಲೆ ಮುಷ್ಟಿ ಗಾತ್ರದ ಕಲ್ಲುಗಳನ್ನು ಒತ್ತೊತ್ತಾಗಿ ಜೋಡಿಸಿ. ಸಣ್ಣ ಜಲ್ಲಿ ಹಾಕಬೇಡಿ, ಅದನ್ನೂ ಕೆದರುತ್ತವೆ.

ನೀರಿನ ವಿಷಯ ಒಂದು ಮಾತು. ಹಸಿ ಮಣ್ಣು ಬೆಕ್ಕಿಗೆ ಹಿಡಿಸುವುದಿಲ್ಲ ಅಂತ ಕೆಲವರು ರಾತ್ರಿ ಮಡಿಗೆ ಜಾಸ್ತಿ ನೀರು ಬಿಡುತ್ತಾರೆ. ದೊಡ್ಡ ಗಿಡಗಳಿಗೆ ಪರವಾಗಿಲ್ಲ. ಎಳೆ ಮೊಳಕೆಗಳ ಬುಡ ಸದಾ ನೆನೆದಿದ್ದರೆ ಕೊಳೆತು ಬೀಳುತ್ತವೆ, ಬೆಕ್ಕಿನಿಂದ ಉಳಿದದ್ದು ಶಿಲೀಂಧ್ರಕ್ಕೆ ಹೋಗುತ್ತದೆ. ಹದವಾಗಿ ಹಾಕಿ.

ಇನ್ನು ಬಲೆ. ಬಿದಿರು ಅಥವಾ ಪೈಪನ್ನು ಕಮಾನಿನಂತೆ ಬಗ್ಗಿಸಿ ಮೇಲೆ ಬಲೆ ಹೊದಿಸುವುದಾದರೆ ಬಿಗಿಯಾಗಿ ಎಳೆದು ಕಟ್ಟಿ. ಸಡಿಲ ನೈಲಾನ್ ಬಲೆಯಲ್ಲಿ ಹಕ್ಕಿ, ಓತಿಕೇತ, ಹಾವು ಸಿಕ್ಕಿಹಾಕಿಕೊಂಡು ಸಾಯುತ್ತವೆ. ನೋಡಲು ಆಗುವುದಿಲ್ಲ.

---

ಬೆಳಗಿನ ಬಿಸಿಲು ಉತ್ತರ:

ಜಾಲರಿ ಸರಿ, ಆದರೆ ಎಲ್ಲರಿಗೂ ಅಷ್ಟು ಪುರುಸೊತ್ತು ಇರುವುದಿಲ್ಲ. ನಾನು ಕಿತ್ತಳೆ, ನಿಂಬೆ ಸಿಪ್ಪೆ ಹಾಕಿದ್ದೇನೆ. ಹಸಿ ಇರುವಾಗ ಬೆಕ್ಕು ಹತ್ತಿರ ಬರುವುದಿಲ್ಲ, ಒಣಗಿದ ಮೇಲೆ ಅದರ ಪಕ್ಕದಲ್ಲೇ ಕೂರುತ್ತದೆ. ದಿನಾ ಹೊಸದು ಹಾಕಬೇಕು. ಕಾಫಿ ಚರಟ ಹಾಕಿದರೆ ವಾಸನೆಗೆ ಬರುವುದಿಲ್ಲ ಅಂತ ಕೇಳಿದ್ದೇನೆ. ನುಸಿಗುಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿ ಇಟ್ಟರೆ ಏನು ತೊಂದರೆ? ಮಣ್ಣಿಗೆ ನೇರವಾಗಿ ತಾಗುವುದಿಲ್ಲವಲ್ಲ.

---

ಬಾಲದ ಗೆಳತಿ ಉತ್ತರ:

ದಯವಿಟ್ಟು ನುಸಿಗುಳಿಗೆ ಬೇಡ. ಬಟ್ಟೆಯಲ್ಲಿ ಕಟ್ಟಿದರೂ ಬೇಡ. ಅದು ಮುಚ್ಚಿದ ಪೆಟ್ಟಿಗೆಯೊಳಗೆ ಬಟ್ಟೆಗೆ ನುಸಿ ಬೀಳದಿರಲಿ ಅಂತ ಮಾಡಿದ ವಸ್ತು. ಬಯಲಲ್ಲಿ ಇಟ್ಟರೆ ಆವಿಯಾಗಿ ಗಾಳಿಗೆ ಸೇರುತ್ತದೆ, ಮಳೆ ಬಂದರೆ ಮಣ್ಣಿಗೆ ಇಳಿಯುತ್ತದೆ. ಅದರಲ್ಲಿರುವ ನಾಫ್ತಲಿನ್ ಹೊಟ್ಟೆಗೆ ಹೋದರೆ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ಬೆಕ್ಕಿಗೆ ಮಾತ್ರ ಅಲ್ಲ, ಮನುಷ್ಯರಿಗೂ. ಬಿಳಿ ಗುಂಡಗಿನ ಗುಳಿಗೆಯನ್ನು ಮಕ್ಕಳು ಸಿಹಿ ಅಂದುಕೊಂಡು ಬಾಯಿಗೆ ಹಾಕಿಕೊಳ್ಳುವುದು ಎಲ್ಲ ಕಡೆ ನಡೆಯುವ ವಿಷಯ. ತಿನ್ನುವ ಸೊಪ್ಪಿನ ಪಕ್ಕ ಅದನ್ನು ಇಡುವ ಯೋಚನೆಯೇ ಬೇಡ.

ಫಿನಾಯಿಲ್ ಇನ್ನೂ ಕೆಟ್ಟದ್ದು. ಬೆಕ್ಕಿನ ಯಕೃತ್ತಿಗೆ ಅದರಲ್ಲಿರುವಂಥ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ತೀರಾ ಕಡಿಮೆ. ನಾಯಿಗೆ ಆಗದಷ್ಟು ತೊಂದರೆ ಬೆಕ್ಕಿಗೆ ಆಗುತ್ತದೆ. ಅದು ಕುಡಿಯಲೇಬೇಕು ಅಂತಿಲ್ಲ. ಬೆಕ್ಕು ನಾಲಿಗೆಯಿಂದ ಮೈ ನೆಕ್ಕಿ ಶುಚಿ ಮಾಡಿಕೊಳ್ಳುವ ಪ್ರಾಣಿ. ಪಾದಕ್ಕೆ ಹತ್ತಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ. ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ, ಕಿತ್ತಳೆಯ ಗಾಢ ಎಣ್ಣೆ, ಇವುಗಳಿಗೂ ಇದೇ ಮಾತು. ನೈಸರ್ಗಿಕ ಅಂತ ಬರೆದಿದ್ದರೆ ಬೆಕ್ಕಿಗೆ ಒಳ್ಳೆಯದು ಅಂತ ಅರ್ಥ ಅಲ್ಲ.

ಖಾರದ ಪುಡಿಯೂ ಹಾಗೆಯೇ. ಪಾದಕ್ಕೆ ಹತ್ತುತ್ತದೆ, ಆ ಪಾದದಿಂದಲೇ ಅದು ಮುಖ ಒರೆಸಿಕೊಳ್ಳುತ್ತದೆ, ಕಣ್ಣು ಉರಿಯುತ್ತದೆ. ನೀವು ನೀರು ಹಾಕಿದ ಕೂಡಲೇ ಪುಡಿ ತೊಳೆದುಹೋಗುತ್ತದೆ. ಬೆಕ್ಕಿಗೆ ಹಿಂಸೆ, ನಿಮಗೆ ಲಾಭ ಇಲ್ಲ. ಕಾಫಿ ಚರಟದಲ್ಲಿ ಕೆಫೀನ್ ಉಳಿದಿರುತ್ತದೆ, ಬೆಕ್ಕು ನಾಯಿ ಎರಡಕ್ಕೂ ಅದು ವಿಷ. ಸಿಪ್ಪೆ ಹಾಕುವುದರಲ್ಲಿ ಅಂಥ ಅಪಾಯ ಇಲ್ಲ, ಹಾಕುವವರು ಹಾಕಿಕೊಳ್ಳಲಿ, ಅದನ್ನೇ ನಂಬಿ ಬೀಜ ಬಿತ್ತಬೇಡಿ ಅಷ್ಟೇ.

ಬೆಕ್ಕು ಹೊಲಸು ಮಾಡಿತು ಅಂತ ಅದಕ್ಕೆ ವಿಷ ಇಡುವವರನ್ನು ನೋಡಿ ನೋಡಿ ಸಂಕಟ ಆಗಿದೆ, ಅದಕ್ಕೇ ಇಷ್ಟು ಉದ್ದ ಬರೆದೆ. ನೀವು ಕೇಳುವ ಮೊದಲೇ ಅವಕ್ಕೆ ನೋವಾಗಬಾರದು ಅಂದಿರಲ್ಲ, ತುಂಬಾ ಸಂತೋಷ ಆಯಿತು.

---

ಸೊಪ್ಪಿನ ಮಡಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫಿನಾಯಿಲ್ ಡಬ್ಬಿಯನ್ನು ತೋಟದ ಕಡೆಯಿಂದ ತೆಗೆದು ಒಳಗೆ ಇಟ್ಟೆ. ಜಾಲರಿ ಹಾಸುವುದು ಖಂಡಿತ.

ಇನ್ನೆರಡು ವಿಷಯ ಕೇಳಬೇಕಿತ್ತು. ಮನೆಯಲ್ಲಿ ತಂಗಿ ಬಸುರಿ. ಬೆಕ್ಕಿನ ಗಲೀಜಿನಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಅಂತ ಯಾರೋ ಹೇಳಿ ಅವಳು ಹೆದರಿ ತೋಟಕ್ಕೇ ಇಳಿಯುತ್ತಿಲ್ಲ. ಅಕ್ಕನ ಮಗ ಚಿಕ್ಕವನು, ಯಾವಾಗಲೂ ಮಣ್ಣಿನಲ್ಲೇ ಆಟ. ಇದು ಎಷ್ಟು ನಿಜ? ಈಗ ಇರುವ ಸೊಪ್ಪನ್ನು ತಿನ್ನಬಹುದಾ?

ಎರಡನೆಯದು, ಹಿಂದಿನ ಬಾಗಿಲ ಪಕ್ಕದ ಗೋಡೆಯಿಂದ ವಿಪರೀತ ವಾಸನೆ ಬರುತ್ತದೆ. ಅಲ್ಲಿ ಮಣ್ಣಿಲ್ಲ, ಬರೀ ಸಿಮೆಂಟು. ತೊಳೆದರೂ ಮತ್ತೆ ಅದೇ ಜಾಗಕ್ಕೆ ಬರುತ್ತವೆ. ಮಡಿ ಬಿಟ್ಟು ಗೋಡೆಗೆ ಯಾಕೆ ಬರಬೇಕು?

---

ಸೂಕ್ಷ್ಮದರ್ಶಕ ಉತ್ತರ:

ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಭಯ ಪೂರ್ತಿ ಸುಳ್ಳಲ್ಲ, ಆದರೆ ತೋಟಕ್ಕೇ ಇಳಿಯಬಾರದು ಅನ್ನುವಷ್ಟು ದೊಡ್ಡದೂ ಅಲ್ಲ.

ಟಾಕ್ಸೊಪ್ಲಾಸ್ಮಾ ಅಂತ ಒಂದು ಪರಾವಲಂಬಿ ಜೀವಿ ಇದೆ. ಇಲಿ, ಹಕ್ಕಿ ತಿಂದಾಗ ಬೆಕ್ಕಿಗೆ ಬರುತ್ತದೆ. ಮೊದಲ ಸಲ ಸೋಂಕಾದ ಬೆಕ್ಕು ಸಾಮಾನ್ಯವಾಗಿ 1ರಿಂದ 3 ವಾರ ಮಾತ್ರ ಅದರ ಕಣಗಳನ್ನು ಮಲದಲ್ಲಿ ಹೊರಹಾಕುತ್ತದೆ. ಹಾಗಾಗಿ ಎಲ್ಲ ಬೆಕ್ಕುಗಳ ಮಲದಲ್ಲೂ ಯಾವಾಗಲೂ ಅದು ಇರುತ್ತದೆ ಅಂದುಕೊಳ್ಳಬೇಡಿ. ಇನ್ನೊಂದು ಮುಖ್ಯ ವಿಷಯ, ಹೊಸ ಮಲದಲ್ಲಿರುವ ಕಣ ತಕ್ಷಣ ಸೋಂಕು ಹರಡುವುದಿಲ್ಲ. ಅದಕ್ಕೆ 1ರಿಂದ 5 ದಿನ ಬೇಕು. ದಿನಾ ಬೆಳಗ್ಗೆ ತೆಗೆದುಬಿಡಿ ಅಂತ ಹೇಳುವುದು ಇದಕ್ಕೇ. ತೆಗೆಯದೆ ಬಿಟ್ಟರೆ ಅದೇ ಕಣ ತೇವದ ಮಣ್ಣಿನಲ್ಲಿ ಒಂದು ವರ್ಷಕ್ಕೂ ಮೀರಿ ಬದುಕಬಲ್ಲದು. ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಯುವುದಿಲ್ಲ. ಕುದಿಯುವ ಬಿಸಿಗೆ ಸಾಯುತ್ತದೆ.

ಆರೋಗ್ಯವಾಗಿರುವ ಹೆಚ್ಚಿನವರಿಗೆ ಈ ಸೋಂಕು ಬಂದು ಹೋದದ್ದೇ ಗೊತ್ತಾಗುವುದಿಲ್ಲ. ಬಸುರಿಯಲ್ಲಿ ಮೊದಲ ಸಲ ಬಂದರೆ ಮಗುವಿಗೆ ದಾಟಬಹುದು, ಚಿಂತೆ ಇರುವುದು ಅಲ್ಲಿ. ರೋಗನಿರೋಧಕ ಶಕ್ತಿ ಕುಗ್ಗಿದವರೂ ಎಚ್ಚರ ಇರಬೇಕು. ನಿಮ್ಮ ತಂಗಿ ಮಾಡಬೇಕಾದದ್ದು ಇಷ್ಟು. ಮಲ ತೆಗೆಯುವ ಕೆಲಸ ಬೇರೆಯವರು ಮಾಡಲಿ. ಮಣ್ಣು ಮುಟ್ಟುವುದಾದರೆ ಗ್ಲೌಸ್ ಹಾಕಿಕೊಳ್ಳಲಿ, ಆಮೇಲೆ ಸೋಪು ಹಚ್ಚಿ ಕೈ ತೊಳೆಯಲಿ. ಸೊಪ್ಪನ್ನು ಹಸಿಯಾಗಿ ತಿನ್ನುವುದು ಬೇಡ, ಚೆನ್ನಾಗಿ ಬೇಯಿಸಿ ತಿನ್ನಲಿ. ಡಾಕ್ಟರಿಗೆ ಮನೆಯಲ್ಲಿ ಹೀಗಿದೆ ಅಂತ ತಿಳಿಸಲಿ, ಬೇಕಿದ್ದರೆ ಅವರು ರಕ್ತಪರೀಕ್ಷೆ ಮಾಡಿಸುತ್ತಾರೆ. ಸುಮ್ನೆ ಹೆದರಿ ಕೂರುವುದು ಬೇಡ. ಅರೆಬೆಂದ ಮಾಂಸದಿಂದಲೂ ಈ ಸೋಂಕು ಬರುತ್ತದೆ, ಅದನ್ನು ಜನ ಮರೆತು ಬೆಕ್ಕನ್ನು ಮಾತ್ರ ನೋಡುತ್ತಾರೆ.

ಮಕ್ಕಳ ವಿಷಯದಲ್ಲಿ ಜಂತುಹುಳುವಿನ ಮೊಟ್ಟೆಗಳನ್ನೂ ಗಮನಿಸಬೇಕು. ಬೆಕ್ಕಿನ ದುಂಡು ಜಂತುವಿನ ಮೊಟ್ಟೆ ಮಣ್ಣಿನಲ್ಲಿ ಕೆಲವು ವಾರ ಮಾಗಿದ ಮೇಲೆ ಸೋಂಕು ತರುತ್ತದೆ, ವರ್ಷಗಟ್ಟಲೆ ಉಳಿಯಬಲ್ಲದು. ಮಕ್ಕಳು ಮಣ್ಣಾದ ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಆ ಮಗುವಿಗೆ ಆಟಕ್ಕೆ ಬೇರೆ ಮರಳಿನ ಜಾಗ ಮಾಡಿಕೊಡಿ, ಆಟ ಮುಗಿದ ಮೇಲೆ ಅದಕ್ಕೆ ಭದ್ರವಾಗಿ ಮುಚ್ಚಳ ಹಾಕಿ. ಮುಚ್ಚಳ ಇಲ್ಲದ ಮರಳು ಬೆಕ್ಕಿಗೆ ಮಡಿಗಿಂತ ಇಷ್ಟ.

ಈಗ ಇರುವ ಸೊಪ್ಪು: ಗಲೀಜು ನೇರವಾಗಿ ತಾಗಿದ ಗಿಡಗಳನ್ನು ಕಿತ್ತು ಎಸೆಯಿರಿ. ಉಳಿದದ್ದನ್ನು ಹರಿಯುವ ನೀರಿನಲ್ಲಿ ಎಲೆ ಎಲೆ ಬಿಡಿಸಿ ತೊಳೆದು ಬೇಯಿಸಿ ತಿನ್ನಿ. ತುಂಬಾ ಹಾಳಾದ ಮಡಿ ಇದ್ದರೆ ಅಲ್ಲಿ ಹಸಿಯಾಗಿ ತಿನ್ನುವ ಗೆಡ್ಡೆ, ಎಲೆ ಬೆಳೆಯಬೇಡಿ, ಚಪ್ಪರಕ್ಕೆ ಹಬ್ಬುವ ತರಕಾರಿಯನ್ನೋ ಹೂವನ್ನೋ ಹಾಕಿ. ತೆಗೆದ ಮಲವನ್ನು ಕಾಂಪೋಸ್ಟ್ ಗುಂಡಿಗೆ ಹಾಕಲೇಬೇಡಿ. ಮನೆಯ ಕಾಂಪೋಸ್ಟ್ ಇವುಗಳನ್ನು ಕೊಲ್ಲುವಷ್ಟು ಬಿಸಿ ಆಗುತ್ತದೆ ಅಂತ ನಂಬುವ ಹಾಗಿಲ್ಲ. ದನದ ಸಗಣಿ ಗೊಬ್ಬರ ಆಗುತ್ತದೆ ಅಂತ ಬೆಕ್ಕಿನದೂ ಆಗಬೇಕು ಅಂತಿಲ್ಲ.

---

ಬಾಲದ ಗೆಳತಿ ಉತ್ತರ:

ಗೋಡೆಯದು ಬೇರೆಯೇ ಕಥೆ. ಅದು ಕಕ್ಕಸಿಗೆ ಬರುವುದಲ್ಲ, ಗುರುತು ಹಾಕಲು ಬರುವುದು. ಬೆಕ್ಕು ಗೋಡೆಗೆ ಬೆನ್ನು ಮಾಡಿ ನಿಂತು, ಬಾಲ ಎತ್ತಿ ನಡುಗಿಸುತ್ತಾ ಹಿಂದಕ್ಕೆ ಸಿಡಿಸುತ್ತದೆ. ಈ ಜಾಗ ನನ್ನದು ಅಂತ ಬೇರೆ ಬೆಕ್ಕುಗಳಿಗೆ ಹೇಳುವ ರೀತಿ. ಹೆಚ್ಚಾಗಿ ಆಪರೇಷನ್ ಆಗದ ಗಂಡು ಬೆಕ್ಕುಗಳೇ ಮಾಡುವುದು, ವಾಸನೆಯೂ ಅವುಗಳದ್ದೇ ಘಾಟು. ಹಾಗಾಗಿ ಇಲ್ಲಿ ಜಾಲರಿ, ಕಡ್ಡಿ ಯಾವುದೂ ಕೆಲಸಕ್ಕೆ ಬರುವುದಿಲ್ಲ.

ತೊಳೆಯುವಾಗ ಅಮೋನಿಯಾ ಇರುವ ಕ್ಲೀನರ್ ಬಳಸಬೇಡಿ. ಮೂತ್ರದ ವಾಸನೆಯೂ ಅದೇ ಜಾತಿಯದು, ಬೆಕ್ಕು ಇಲ್ಲಿ ಬೇರೆ ಯಾರೋ ಬಂದಿದ್ದಾರೆ ಅಂತ ಮತ್ತೆ ಸಿಡಿಸುತ್ತದೆ. ಬ್ಲೀಚ್ ಅಂತೂ ಬೇಡವೇ ಬೇಡ. ಮೂತ್ರದ ಅಮೋನಿಯಾ ಜೊತೆ ಸೇರಿ ವಿಷದ ಗಾಳಿ ಎಬ್ಬಿಸುತ್ತದೆ, ಬಾಗಿಲ ಪಕ್ಕ ಬೇರೆ ಅಂದಿರಿ. ಸಾಕುಪ್ರಾಣಿಗಳ ಮೂತ್ರಕ್ಕೆ ಅಂತಲೇ ಎಂಜೈಮ್ ಕ್ಲೀನರ್ ಸಿಗುತ್ತದೆ. ಮೂತ್ರದಲ್ಲಿರುವ ಯೂರಿಕ್ ಆಮ್ಲ ನೀರಿಗೆ ಸುಲಭವಾಗಿ ಕರಗುವುದಿಲ್ಲ, ಅದಕ್ಕೇ ತೊಳೆದ ಗೋಡೆ ತೇವ ಆದಾಗ ಮತ್ತೆ ನಾರುತ್ತದೆ. ಎಂಜೈಮ್ ಅದನ್ನು ಒಡೆಯುತ್ತದೆ. ಮೊದಲು ಬರೀ ನೀರಲ್ಲಿ ತೊಳೆದು, ಎಂಜೈಮ್ ದ್ರಾವಣ ಸುರಿದು, ಡಬ್ಬಿಯಲ್ಲಿ ಬರೆದಷ್ಟು ಹೊತ್ತು ಹಾಗೇ ಬಿಡಿ. ತಕ್ಷಣ ಒರೆಸಿದರೆ ಉಪಯೋಗ ಇಲ್ಲ. ಸಿಮೆಂಟು ಹೀರಿಕೊಂಡಿರುತ್ತದೆ, ಆದ್ದರಿಂದ ಒಮ್ಮೆಗೇ ಹೋಗಲಿಕ್ಕಿಲ್ಲ.

ಬೇರಿಗೇ ಮದ್ದು ಅಂದರೆ ಸಂತಾನಹರಣ ಆಪರೇಷನ್. ಗಂಡು ಬೆಕ್ಕಿಗೆ ಮಾಡಿಸಿದರೆ 10ರಲ್ಲಿ ಸುಮಾರು 9 ಬೆಕ್ಕುಗಳು ಸಿಡಿಸುವುದನ್ನು ಬಿಡುತ್ತವೆ ಅಥವಾ ತುಂಬಾ ಕಡಿಮೆ ಮಾಡುತ್ತವೆ. ಕಾದಾಟ, ರಾತ್ರಿಯ ಕೂಗಾಟವೂ ಇಳಿಯುತ್ತದೆ. ಹೆಣ್ಣು ಬೆಕ್ಕು 4 ತಿಂಗಳಿಗೇ ಬೆದೆಗೆ ಬರಬಹುದು, ಸುಮಾರು 9 ವಾರಕ್ಕೆ ಮರಿ ಹಾಕುತ್ತದೆ. ಇಂದು ನಿಮ್ಮ ತೋಟಕ್ಕೆ ಬರುವವು ಎಷ್ಟೋ, ಯಾರೂ ಏನೂ ಮಾಡದಿದ್ದರೆ ಮುಂದೆ ಅದಕ್ಕಿಂತ ಜಾಸ್ತಿ. ಹಿಡಿದು ದೂರ ಬಿಟ್ಟು ಬಂದರೆ ಆಯಿತು ಅನ್ನುತ್ತಾರಲ್ಲ, ಅದು ಆ ಬೆಕ್ಕಿಗೆ ಕ್ರೂರ, ನಿಮಗೂ ಪ್ರಯೋಜನ ಇಲ್ಲ. ಖಾಲಿಯಾದ ಜಾಗಕ್ಕೆ ಬೇರೆ ಬೆಕ್ಕು ಬಂದು ಸೇರುತ್ತದೆ. ಆಪರೇಷನ್ ಆದ ಬೆಕ್ಕು ಅಲ್ಲೇ ಇದ್ದರೆ ಹೊಸಬರನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಳ್ಳುವುದಿಲ್ಲ.

---

ತಿರುಪುಳಿ ಉತ್ತರ:

ಯಂತ್ರಗಳ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಎರಡು ಬಗೆ ಇವೆ.

ಒಂದು ಸೆನ್ಸರ್ ಇರುವ ಸ್ಪ್ರಿಂಕ್ಲರ್. ಪ್ರಾಣಿಯ ಮೈಬಿಸಿ ಅಲುಗಾಡಿದ್ದು ಗೊತ್ತಾದ ಕೂಡಲೇ ಕೆಲವು ಸೆಕೆಂಡು ನೀರು ಚಿಮ್ಮುತ್ತದೆ. ಬೆಕ್ಕಿಗೆ ಏಟಿಲ್ಲ, ಗಾಬರಿ ಅಷ್ಟೇ. ನನ್ನ ಪ್ರಕಾರ ಯಂತ್ರಗಳಲ್ಲಿ ಇದೇ ಒಳ್ಳೆಯದು, ಯಾಕೆಂದರೆ ಬರೀ ಶಬ್ದಕ್ಕೆ ಒಗ್ಗಿಕೊಂಡ ಹಾಗೆ ನೀರಿಗೆ ಬೆಕ್ಕು ಸುಲಭವಾಗಿ ಒಗ್ಗುವುದಿಲ್ಲ. ಸೆನ್ಸರನ್ನು ಬೆಕ್ಕಿನ ಎತ್ತರಕ್ಕೆ ಇಡಿ, ಅವು ಗೋಡೆಯಿಂದ ಇಳಿಯುವ ದಾರಿಯ ಕಡೆ ತಿರುಗಿಸಿ. ತೊಂದರೆ ಏನೆಂದರೆ ನಲ್ಲಿ ಸದಾ ತೆರೆದಿರಬೇಕು, ಪೈಪಿನ ಜಾಯಿಂಟ್ ಸಡಿಲ ಇದ್ದರೆ ರಾತ್ರಿಯಿಡೀ ಸೋರುತ್ತದೆ. ನೀರಿನ ತೊಂದರೆ ಇರುವವರಿಗೆ ಇದು ಆಗದು.

ಇನ್ನೊಂದು ಅಲ್ಟ್ರಾಸೋನಿಕ್, ಅಂದರೆ ನಮಗೆ ಕೇಳದ ಎತ್ತರದ ಸದ್ದು. ಮನುಷ್ಯನ ಕಿವಿ ಸುಮಾರು 20 ಕಿಲೋಹರ್ಟ್ಸ್‌ಗೆ ನಿಲ್ಲುತ್ತದೆ, ಬೆಕ್ಕಿನದು 60 ಕಿಲೋಹರ್ಟ್ಸ್ ದಾಟುತ್ತದೆ. ಇದು ಪೂರ್ತಿ ಮೋಸ ಅನ್ನುವವರೂ ಇದ್ದಾರೆ, ಬೆಕ್ಕು ಕಾಲಿಡುವುದೇ ಇಲ್ಲ ಅನ್ನುವವರೂ ಇದ್ದಾರೆ. ಪರೀಕ್ಷೆ ಮಾಡಿ ನೋಡಿದ್ದೂ ಇದೆ. ಬ್ರಿಟನ್ನಿನಲ್ಲಿ ತೋಟಗಳಲ್ಲಿ ಇಟ್ಟು ನೋಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಕಾಲ ನಡೆದ ಪ್ರಯೋಗದಲ್ಲಿ ಬೆಕ್ಕು ಬರುವ ಸಾಧ್ಯತೆ ಮೂರರಲ್ಲಿ ಒಂದು ಪಾಲಿನಷ್ಟು ಇಳಿಯಿತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬೇರೆ ಯಂತ್ರ ಇಟ್ಟು ನೋಡಿದ 2018ರ ಅಧ್ಯಯನದಲ್ಲಿ ಬರುವುದು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು, ಬಂದವು ಅಲ್ಲಿ ಕಳೆಯುವ ಹೊತ್ತು ಇನ್ನೂ ಜಾಸ್ತಿ ಕಡಿಮೆಯಾಯಿತು. ಅಂದರೆ ಉಪಯೋಗ ಇದೆ, ಇದೊಂದನ್ನೇ ನಂಬಿದರೆ ಮಡಿ ಉಳಿಯುವುದಿಲ್ಲ. ಕಿವುಡು ಬೆಕ್ಕಿಗೆ ಏನೂ ಆಗುವುದಿಲ್ಲ, ಮುದಿ ಬೆಕ್ಕುಗಳಲ್ಲೂ ನೀಲಿ ಕಣ್ಣಿನ ಬಿಳಿ ಬೆಕ್ಕುಗಳಲ್ಲೂ ಕಿವುಡು ಜಾಸ್ತಿ. ಚಿಕ್ಕ ಮಕ್ಕಳ ಕಿವಿ ದೊಡ್ಡವರದಕ್ಕಿಂತ ಚುರುಕು, ಕೆಲವು ಯಂತ್ರಗಳು ಹೊರಡಿಸುವ, ಎತ್ತರ ಸ್ವಲ್ಪ ಕಡಿಮೆ ಇರುವ ಸದ್ದು ಅವರಿಗೆ ಕೇಳಿ ಕಿರಿಕಿರಿ ಆಗಬಹುದು. ನಿಮ್ಮ ಮನೆಯಲ್ಲಿ ಮಗು ಇದೆ, ನಾನಾದರೆ ಸ್ಪ್ರಿಂಕ್ಲರ್ ಕಡೆಗೇ ಹೋಗುತ್ತೇನೆ.

ಬಾಟಲಿಯಲ್ಲಿ ನೀರು ತುಂಬಿ ಇಡುವುದರಿಂದ ಏನೂ ಆಗುವುದಿಲ್ಲ. ಜಾಗ ದಂಡ.

---

ಹಿತ್ತಲ ಮನೆ ಉತ್ತರ:

ಮೇಲಿನವರೆಲ್ಲ ಇಲ್ಲಿ ಬರಬೇಡ ಅಂತ ಹೇಳುವ ದಾರಿ ತಿಳಿಸಿದರು. ಬೆಕ್ಕಿಗೆ ಎಲ್ಲೋ ಒಂದು ಕಡೆ ಹೋಗಲೇಬೇಕಲ್ಲ. ಮಡಿ ಮುಚ್ಚಿದರೆ ಕುಂಡಕ್ಕೆ, ಕುಂಡ ಮುಚ್ಚಿದರೆ ಹೂವಿನ ಸಾಲಿಗೆ, ಅದೂ ಇಲ್ಲದಿದ್ದರೆ ಪಕ್ಕದ ಮನೆಯ ತೋಟಕ್ಕೆ. ಅದಕ್ಕೇ ಒಂದು ಜಾಗ ನೀವೇ ಮಾಡಿಕೊಡಿ ಅಂತ ನಾನು ಹೇಳುವುದು.

ತೋಟದ ತೀರಾ ಮೂಲೆ, ಮಡಿಗಳಿಂದಲೂ ಮಕ್ಕಳಿಂದಲೂ ದೂರ ಇರುವ ಮೂಲೆ ಆರಿಸಿ. ಮಳೆ ನೀರು ನೇರ ಬೀಳಬಾರದು, ಸೂರಿನ ಕೆಳಗೆ ಆದರೆ ಒಳ್ಳೆಯದು. ಎರಡು ಮೂರು ಅಡಿ ಅಗಲಕ್ಕೆ ಮಣ್ಣು ಸಡಿಲಿಸಿ, ಮೇಲೆ ಗೇಣುದ್ದ ಒಣ ಮರಳು ತುಂಬಿ. ಅಕ್ಕಪಕ್ಕ ಪೊದೆಯೋ ದೊಡ್ಡ ಕುಂಡವೋ ಇದ್ದರೆ ಇನ್ನೂ ಒಳ್ಳೆಯದು, ಮರೆ ಇರುವ ಜಾಗ ಬೆಕ್ಕಿಗೆ ಇಷ್ಟ. ಮಡಿಯಲ್ಲಿ ಸಿಕ್ಕ ಮಲವನ್ನು ಮೊದಲ ಸಲ ಗ್ಲೌಸ್ ಹಾಕಿಕೊಂಡು ತೆಗೆದು ಆ ಮರಳಿನಲ್ಲಿ ಸ್ವಲ್ಪ ಹೂತಿಡಿ, ವಾಸನೆ ಹಿಡಿದು ಅಲ್ಲಿಗೆ ಬರುತ್ತವೆ. ಅದೇ ದಿನ ಮಡಿಗೆ ಜಾಲರಿ ಹಾಸಿ. ಎರಡೂ ಒಟ್ಟಿಗೆ ಆಗಬೇಕು. ಮಡಿ ತೆರೆದಿಟ್ಟು ಮರಳು ಮಾತ್ರ ಹಾಕಿದರೆ ಎರಡನ್ನೂ ಬಳಸುತ್ತವೆ.

ಆಮೇಲೆ ದಿನಾ ಅದನ್ನು ಶುಚಿ ಮಾಡುವ ಕೆಲಸ ಇದ್ದೇ ಇದೆ. ಹೊಲಸು ತುಂಬಿದ ಮರಳಿಗೆ ಬೆಕ್ಕು ಬರುವುದಿಲ್ಲ, ವಾಪಸ್ ನಿಮ್ಮ ಮಡಿಗೇ ಬರುತ್ತದೆ. ತೋಟ ತುಂಬ ಹುಡುಕಿ ತೆಗೆಯುವುದಕ್ಕಿಂತ ಒಂದೇ ಕಡೆ ತೆಗೆಯುವುದು ಎಷ್ಟೋ ವಾಸಿ.

---

ಬೆಳಗಿನ ಬಿಸಿಲು:

ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಬೇರೆಯವರು ಸಾಕಿದ ಬೆಕ್ಕಿಗೆ ಕಕ್ಕಸು ಕಟ್ಟಿ ದಿನಾ ತೊಳೆಯಬೇಕಾದವರು ನಾವಾ? ಮರಳು ಹಾಕಿದರೆ ಇಲ್ಲದ ಬೆಕ್ಕುಗಳೂ ಬಂದು ಸೇರುತ್ತವೆ. ಸಾಕಿದವರು ತಮ್ಮ ಮನೆಯಲ್ಲೇ ಮರಳಿನ ಡಬ್ಬ ಇಡಲಿ, ರಾತ್ರಿ ಒಳಗೆ ಹಾಕಿಕೊಳ್ಳಲಿ. ಮೊದಲು ಅವರಿಗೆ ಹೇಳಬೇಕು.

---

ಹಿತ್ತಲ ಮನೆ:

ಹೇಳಬೇಕು ಅನ್ನುವುದಕ್ಕೆ ನಾನೂ ಸೈ. ನ್ಯಾಯವಾಗಿ ನೋಡಿದರೆ ಅದು ಸಾಕಿದವರ ಜವಾಬ್ದಾರಿಯೇ. ಮರಳಿನ ಜಾಗ ಅವರ ತೋಟದ ಮೂಲೆಯಲ್ಲಿ ಆದರೆ ಇನ್ನೂ ಒಳ್ಳೆಯದು, ಮನೆ ಹತ್ತಿರದ್ದೇ ಬೆಕ್ಕಿಗೆ ಅನುಕೂಲ. ಆದರೆ ಕೇಳುವ ರೀತಿ ಮುಖ್ಯ. ನಿಮ್ಮ ಬೆಕ್ಕು ನಮ್ಮ ತೋಟ ಹಾಳು ಮಾಡಿತು ಅಂತ ಶುರು ಮಾಡಿದರೆ ನಮ್ಮದಲ್ಲ ಬೀದಿಯದು ಅಂತ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಮನೆಯಲ್ಲಿ ಬಸುರಿ ಇದ್ದಾಳೆ, ಮಗು ಇದೆ, ಸ್ವಲ್ಪ ಸಹಾಯ ಮಾಡಿ ಅಂತ ಕೇಳಿದರೆ ಹೆಚ್ಚಿನವರು ಇಲ್ಲ ಅನ್ನುವುದಿಲ್ಲ. ಡಬ್ಬ ಇಡುವುದು, ಆಪರೇಷನ್ ಮಾಡಿಸುವುದು, ಜಂತುಹುಳುವಿನ ಔಷಧ ಕೊಡಿಸುವುದು, ಈ ಮೂರನ್ನು ಕೇಳಿ.

ಬೀದಿಯ ಬೆಕ್ಕುಗಳಿಗೆ ಕೇಳಲು ಯಾರೂ ಇಲ್ಲವಲ್ಲ, ಮರಳಿನ ಮೂಲೆ ಅವಕ್ಕೆ. ಹೊಸ ಬೆಕ್ಕುಗಳನ್ನು ಕರೆಯುವುದು ಮರಳಿಗಿಂತ ಜಾಸ್ತಿ ಊಟ. ತೆರೆದ ಕಸದ ಬುಟ್ಟಿ, ಹೊರಗೆ ಇಟ್ಟ ತಟ್ಟೆ, ಇಲಿಗಳು, ಇವು ಇರುವ ಕಡೆ ಬೆಕ್ಕು ಇದ್ದೇ ಇರುತ್ತದೆ. ಕಸದ ಬುಟ್ಟಿಗೆ ಮುಚ್ಚಳ ಹಾಕಿ ನೋಡಿ.

---

ಸೊಪ್ಪಿನ ಮಡಿ:

ಎಲ್ಲರ ಮಾತನ್ನೂ ಮನೆಯಲ್ಲಿ ಓದಿ ಹೇಳಿದೆ. ತಂಗಿಗೆ ಅರ್ಧ ಭಯ ಹೋಯಿತು, ಡಾಕ್ಟರನ್ನು ಕೇಳುತ್ತಾಳಂತೆ. ಪಕ್ಕದ ಮನೆಯವರ ಹತ್ತಿರ ಮಾತಾಡಿದೆ, ಗಂಡು ಬೆಕ್ಕು ಅವರದೇ, ಆಪರೇಷನ್ ಮಾಡಿಸಲು ಒಪ್ಪಿದ್ದಾರೆ. ಮರಳಿನ ಮೂಲೆ ನಮ್ಮ ಕಡೆಯೇ ಮಾಡುತ್ತೇವೆ, ಶುಚಿ ಮಾಡುವುದು ನಾನು. ಎಂಜೈಮ್ ಕ್ಲೀನರ್ ತರಿಸಿದ್ದೇನೆ.

ಒಂದೇ ಅನುಮಾನ. ಸೊಪ್ಪಿನ ಮಡಿಗೆ ಜಾಲರಿ ಹಾಸಿದ್ದು ಸರಿಯಾಗಿ ಕೂತಿದೆ. ಕ್ಯಾರೆಟ್, ಮೂಲಂಗಿ ಮಡಿಗೂ ಹಾಗೇ ಹಾಸಿದರೆ ಆಮೇಲೆ ಕೀಳುವುದು ಹೇಗೆ? ಕಣ್ಣಿಗಿಂತ ಗೆಡ್ಡೆ ದಪ್ಪ ಆಗುತ್ತದಲ್ಲ.

---

ಮಣ್ಣಿನ ನಂಟು:

ಸರಿಯಾದ ಪ್ರಶ್ನೆ. ಗೆಡ್ಡೆಗೆ ನೆಲದ ಮೇಲೆ ಹಾಸಬೇಡಿ, ಸಿಕ್ಕಿಕೊಳ್ಳುತ್ತದೆ. ಮಡಿಯ ಅಳತೆಗೆ ಮರದ ಪಟ್ಟಿಯಲ್ಲಿ ಚೌಕಟ್ಟು ಮಾಡಿ, ಅದಕ್ಕೆ ಜಾಲರಿ ಮೊಳೆ ಹೊಡೆದು, ನಾಲ್ಕು ಮೂಲೆಗೆ ಇಟ್ಟಿಗೆ ಕೊಟ್ಟು ಮೇಲೆ ಇಡಿ. ಇಟ್ಟಿಗೆ ಎತ್ತರ ಸಾಕು. ಇನ್ನೂ ಎತ್ತರಿಸಿದರೆ ಬೆಕ್ಕು ಅಡಿಯಿಂದ ನುಗ್ಗುತ್ತದೆ, ಹಾಗಾಗಿ ಬದಿಗಳಲ್ಲೂ ಸಂದು ಬಿಡಬೇಡಿ. ನೀರು ಮೇಲಿನಿಂದಲೇ ಹಾಕಬಹುದು, ಕಳೆ ಕೀಳಲು ಚೌಕಟ್ಟು ಎತ್ತಿದರಾಯಿತು.

ಎಲೆಗಳು ಜಾಲರಿ ಮುಟ್ಟುವ ಹೊತ್ತಿಗೆ ಮಣ್ಣು ಕಾಣದಷ್ಟು ಹರಡಿರುತ್ತವೆ. ಆಗ ಚೌಕಟ್ಟು ತೆಗೆದು ಮುಂದಿನ ಬಿತ್ತನೆಯ ಮಡಿಗೆ ಹಾಕಿ. ತುಂಬಿದ ಮಡಿಗೆ ಬೆಕ್ಕು ಇಳಿಯುವುದು ಅಪರೂಪ. ಜಾಗ್ರತೆ ಬೇಕಾದದ್ದು ಕೊಯ್ಲಾದ ದಿನ. ಗೆಡ್ಡೆ ಕಿತ್ತ ಮಡಿ ಪೂರ್ತಿ ಸಡಿಲವಾಗಿ ತೆರೆದಿರುತ್ತದೆ, ಕೆಲವರು ನಾಳೆ ನೋಡೋಣ ಅಂತ ಹಾಗೇ ಬಿಡುತ್ತಾರೆ. ಅವತ್ತೇ ಸಂಜೆಯೊಳಗೆ ಒಣ ಎಲೆ ಹೊದಿಸಿ, ಮೇಲೆ ಮುಳ್ಳಿನ ರೆಂಬೆ ಹಾಕಿ ಅಥವಾ ಚೌಕಟ್ಟನ್ನೇ ವಾಪಸ್ ಇಡಿ.